ನ್ಯಾನೋ ಹಾಳೆ ತಗೊಂಡೆ, ನಲವತ್ತು ದಿನ ಉಪ್ಪುನೀರಲ್ಲಿಟ್ಟೆ

ಮೊದಲೇ ಹೇಳಿಬಿಡುತ್ತೇನೆ, ಇದು ಅಡುಗೆಮನೆ ಗೋಡೆಗೆ ತಗುಲಿಸುವ ವಾಟರ್ ಫಿಲ್ಟರಿನ ರಿವ್ಯೂ ಅಲ್ಲ. ಒಂದು ಹಾಳೆಯ ರಿವ್ಯೂ. ಎ4 ಕಾಗದದಷ್ಟು ಅಗಲ, ಬೆಳ್ಳಗೆ, ಮುಟ್ಟಿದರೆ ಟಿಶ್ಯೂ ಪೇಪರಿಗಿಂತ ಚೂರು ದಪ್ಪ. ಕವರಿನ ಮೇಲೆ ‘ನ್ಯಾನೋ ಕೋಟೆಡ್ ಸೂಪರ್‌ಹೈಡ್ರೋಫೋಬಿಕ್ ಪಿವಿಡಿಎಫ್ ಮೆಂಬ್ರೇನ್’ ಅಂತ ಬರೆದಿತ್ತು. ಪಿವಿಡಿಎಫ್ ಅಂದರೆ ಒಂದು ಬಗೆಯ ಪ್ಲಾಸ್ಟಿಕ್, ಸೂಪರ್‌ಹೈಡ್ರೋಫೋಬಿಕ್ ಅಂದರೆ ನೀರನ್ನು ಹತ್ತಿರ ಸೇರಿಸದ್ದು. ಉಪ್ಪುನೀರಿನಿಂದ ಸಿಹಿನೀರು ತೆಗೆಯುವ ಮೆಂಬ್ರೇನ್ ಡಿಸ್ಟಿಲೇಷನ್ ಅನ್ನುವ ವಿಧಾನಕ್ಕೆ ಇಂಥ ಹಾಳೆ ಬೇಕು. ಆನ್‌ಲೈನಿನಲ್ಲಿ ತರಿಸಿದ್ದು, ಮೂರು ಹಾಳೆ. ಮಾರಿದವರ ಹೆಸರು ಹೇಳುವುದಿಲ್ಲ. ಜಗಳ ನನಗೆ ಬೇಡ, ಮತ್ತೆ ಈ ಮಾಲಿನ ಒಳ್ಳೆಯದು ಕೆಟ್ಟದ್ದು ಎರಡೂ ಅಂಗಡಿಗಿಂತ ಜಾಸ್ತಿ ಅದರ ಹಿಂದಿನ ವಿಜ್ಞಾನಕ್ಕೆ ಸೇರಿದ್ದು.

ನನಗೆ ಇದರ ಹುಚ್ಚು ಹಿಡಿದದ್ದು ಎರಡು ಕಾರಣಕ್ಕೆ. ಒಂದು, ಹೊಟ್ಟೆಪಾಡು: ಒಂದು ಕಾಲೇಜಿನ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೇನೆ, ಮೆಂಬ್ರೇನ್ ಪರೀಕ್ಷೆ ಮಾಡುವುದೇ ಕೆಲಸ. ಎರಡು, ನಮ್ಮ ಮನೆ ಇರುವುದು ಗಂಗೊಳ್ಳಿ ಹತ್ತಿರ, ಪಂಚಗಂಗಾವಳಿ ಕಡಲಿಗೆ ಸೇರುವ ಕಡೆ. ಆಷಾಢದಲ್ಲಿ ನಮ್ಮ ಬಾವಿಯಲ್ಲಿ ಬಗ್ಗಿ ಕೈಯಲ್ಲೇ ನೀರು ಮೊಗೆಯಬಹುದು. ಏಪ್ರಿಲ್ ಬಂತೆಂದರೆ ಹೊಳೆಯ ಸಿಹಿನೀರು ಸೋಲುತ್ತದೆ, ಭರತದ ಹೊತ್ತಿಗೆ ಉಪ್ಪುನೀರು ಒಳಗೆ ನುಗ್ಗುತ್ತದೆ, ಬಾವಿ ಕೆಡುತ್ತದೆ. ಕಿಂಡಿ ಅಣೆಕಟ್ಟಿನ ಮೇಲ್ಗಡೆ ಇರುವವರು ಬಚಾವ್. ನಮ್ಮಂಥವರು ಟ್ಯಾಂಕರ್ ಕಾಯುತ್ತಾ ಕೂರಬೇಕು. ಬೇಳೆ ಬೇಯುವುದಿಲ್ಲ, ಚಾಕ್ಕೆ ಎಷ್ಟು ಸಕ್ಕರೆ ಹಾಕಿದರೂ ನಾಲಿಗೆಯಲ್ಲಿ ಏನೋ ಉಳಿಯುತ್ತದೆ. ಹಾಗಾಗಿ ಉಪ್ಪುನೀರು ಸಿಹಿ ಮಾಡುವ ಯಾವ ಜಾಹೀರಾತು ಕಂಡರೂ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ.

ಮೆಂಬ್ರೇನ್ ಡಿಸ್ಟಿಲೇಷನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಬಚ್ಚಲ ಹಂಡೆ ನೆನಪು ಮಾಡಿಕೊಳ್ಳಿ. ತೆಂಗಿನ ಸಿಪ್ಪೆ ಒಟ್ಟಿದ ಮೇಲೆ ಹಂಡೆ ನೀರು ಕುದಿಯುವುದಿಲ್ಲ, 60-70 ಡಿಗ್ರಿಗೆ ಬಂದು ಹಬೆ ಆಡುತ್ತದೆ, ಮುಚ್ಚಳ ತೆಗೆದರೆ ಒಳಗೆ ಹನಿ ಕಟ್ಟಿರುತ್ತದೆ. ಹಂಡೆಯಲ್ಲಿ ಉಪ್ಪುನೀರು ಇದ್ದರೂ ಆ ಹನಿ ಸಿಹಿಯೇ. ಈಗ ಆ ಬಿಸಿನೀರಿಗೂ ಮುಚ್ಚಳಕ್ಕೂ ನಡುವಿನ ಗೇಣುದ್ದ ಗಾಳಿಯನ್ನು ಕೂದಲೆಳೆ ಎರಡು ಸೇರಿಸಿದಷ್ಟು ತೆಳ್ಳಗೆ ಮಾಡಿ. ಆ ತೆಳ್ಳಗಿನ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದೇ ಈ ಹಾಳೆ. ಒಂದು ಕಡೆ ಬಿಸಿ ಉಪ್ಪುನೀರು ಹರಿಯುತ್ತದೆ, ಇನ್ನೊಂದು ಕಡೆ ತಣ್ಣನೆಯ ಸಿಹಿನೀರು. ಹಾಳೆಯ ತುಂಬ 0.2 ಮೈಕ್ರೋಮೀಟರ್ ಆಸುಪಾಸಿನ ತೂತುಗಳು. ಪ್ಲಾಸ್ಟಿಕ್‌ಗೆ ನೀರು ಆಗಿಬರುವುದಿಲ್ಲವಾದ್ದರಿಂದ ನೀರು ತೂತಿನ ಬಾಯಲ್ಲೇ ನಿಲ್ಲುತ್ತದೆ, ಆವಿ ಮಾತ್ರ ದಾಟಿ ಆಚೆ ಹೋಗಿ ತಣಿದು ನೀರಾಗುತ್ತದೆ. ಉಪ್ಪು ಆವಿಯಾಗುವುದಿಲ್ಲ, ಇಲ್ಲೇ ಉಳಿಯುತ್ತದೆ.

ಅಂದರೆ ಈ ಹಾಳೆಯ ಕೆಲಸ ಒಂದೇ. ನೀರಲ್ಲಿ ಮುಳುಗಿದ್ದೂ ಒಣಗಿರಬೇಕು. ಎಲ್ಲಾದರೂ ಒಂದು ತೂತಿನೊಳಗೆ ನೀರು ಹೊಕ್ಕಿತೋ, ಅಲ್ಲಿಂದ ಉಪ್ಪು ಆಚೆ ಸೋರಲು ಶುರು. ಲ್ಯಾಬಿನಲ್ಲಿ ನಾವು ಅದಕ್ಕೆ ‘ವೆಟ್ಟಿಂಗ್ ಆಯ್ತು’ ಅನ್ನುತ್ತೇವೆ. ಆಮೇಲೆ ಹಾಳೆ ತೆಗೆದು ಒಣಗಿಸಬೇಕು, ಇಲ್ಲ ಬಿಸಾಡಬೇಕು.

ಇದು ಹೊಸ ಐಡಿಯಾ ಏನಲ್ಲ. 1963ರಲ್ಲೇ ಅಮೆರಿಕದಲ್ಲಿ ಬೋಡೆಲ್ ಅನ್ನುವವರು ಪೇಟೆಂಟಿಗೆ ಅರ್ಜಿ ಹಾಕಿದ್ದರು. ಆಗ ಸರಿಯಾದ ಹಾಳೆಯೇ ಸಿಗುತ್ತಿರಲಿಲ್ಲ. 1969ರಲ್ಲಿ ಬಾಬ್ ಗೋರ್ ಟೆಫ್ಲಾನನ್ನು ಜಗ್ಗಿ ಸಣ್ಣ ತೂತುಗಳ ಹಾಳೆ ಮಾಡುವುದನ್ನು ಕಂಡುಕೊಂಡ ಮೇಲೆ, 80ರ ದಶಕದಲ್ಲಿ ಮತ್ತೆ ಇದರ ಮಾತು ಶುರುವಾಯಿತು. ಅಷ್ಟರಲ್ಲಿ ಆರ್‌ಒ, ಅಂದರೆ ಪಂಪಿನ ಒತ್ತಡದಿಂದ ನೀರನ್ನು ಹಾಳೆಯ ಮೂಲಕ ತಳ್ಳಿ ಉಪ್ಪು ಸೋಸುವ ವಿಧಾನ, ಊರೆಲ್ಲ ಗೆದ್ದಾಗಿತ್ತು.

ಸರಿ, ಹಾಳೆಗೆ ಬರೋಣ.

ಕವರ್ ಬಿಚ್ಚಿದ ಕೂಡಲೇ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಿರಿಂಜಿನಿಂದ ಒಂದು ಹನಿ ನೀರು ಬಿಟ್ಟೆ. ಅಬ್ಬಾ. ಹನಿ ಮುತ್ತಿನ ಹಾಗೆ ನಿಂತಿತು, ಹಾಳೆ ಚೂರು ವಾಲಿಸಿದ್ದೇ ಉರುಳಿ ಟೇಬಲ್ ಕೆಳಗೆ ಹೋಯಿತು. ಕೆಸುವಿನ ಎಲೆಯ ಮೇಲೆ ಮಳೆನೀರು ಓಡಾಡುವುದನ್ನು ನೋಡಿದವರಿಗೆ ಇದು ಹೊಸದಲ್ಲ, ಆದರೆ ಪ್ಲಾಸ್ಟಿಕ್ ಹಾಳೆ ಹಾಗೆ ಮಾಡಿದಾಗ ಖುಷಿಯೇ ಬೇರೆ. ಗುಟ್ಟೂ ಅದೇ. ಕೆಸು, ತಾವರೆ ಎಲೆಗಳಲ್ಲಿ ಮೇಣ ಒಂದೇ ಇರುವುದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಗುಬುಟುಗಳು, ಅದರ ಮೇಲೆ ಇನ್ನೂ ಸಣ್ಣ ಒರಟು. ಹನಿ ಆ ತುದಿಗಳ ಮೇಲೆ ಮಾತ್ರ ಕೂರುತ್ತದೆ, ಕೆಳಗೆ ಗಾಳಿ. ಈ ಹಾಳೆಯಲ್ಲಿ ಮೇಣದ ಬದಲು ಫ್ಲೋರಿನ್ ಇರುವ ಸಿಲೇನ್ ಅನ್ನುವ ರಾಸಾಯನಿಕ, ಗುಬುಟಿನ ಬದಲು ಸಿಲಿಕಾದ, ಅಂದರೆ ಮರಳಿನಲ್ಲಿರುವ ವಸ್ತುವಿನ, ನ್ಯಾನೋ ಕಣಗಳು. ಹನಿ ಹಾಳೆಗೆ ತಾಗುವ ಕೋನ 150 ಡಿಗ್ರಿ ದಾಟಿದರೆ ಸೂಪರ್‌ಹೈಡ್ರೋಫೋಬಿಕ್ ಅನ್ನುತ್ತಾರೆ. ಮೊಬೈಲಿನಲ್ಲಿ ಫೋಟೋ ತೆಗೆದು ಅಳೆದೆ, ದಾಟಿತ್ತು. ಅಲ್ಲಿವರೆಗೆ ಹೇಳಿದ್ದು ಸುಳ್ಳಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ, ಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತದೆ. ಸಿಲಿಕಾ ಆಗಲಿ, ಟೈಟಾನಿಯಂ ಡೈಆಕ್ಸೈಡ್ ಆಗಲಿ, ತಾವಾಗಿಯೇ ನೀರು ಕಂಡರೆ ದೂರ ಓಡುವ ಜಾತಿ ಅಲ್ಲ. ಉಲ್ಟಾ, ನೀರು ಅಂದರೆ ಅವಕ್ಕೆ ಇಷ್ಟ. ಅವು ಕೊಡುವುದು ಒರಟುತನ ಮಾತ್ರ. ನೀರನ್ನು ದೂರ ಇಡುವುದು ಮೇಲಿನ ಸಿಲೇನ್ ಪದರ. ‘ಟೈಟಾನಿಯಂ ನ್ಯಾನೋ ಇದೆ’ ಅಂತ ಮಾತ್ರ ಹೇಳಿ, ಅದರ ಮೇಲೆ ಏನು ಹಚ್ಚಿದ್ದೀರಿ ಅಂದರೆ ಮಾತು ತೇಲಿಸುವವರ ಹತ್ತಿರ ತಗೊಳ್ಳಬೇಡಿ.

ಈಗ ಓಡಿಸಿ ನೋಡಿದ ಕಥೆ. ನಮ್ಮ ಸೆಲ್, ಅಂದರೆ ಹಾಳೆ ಸಿಕ್ಕಿಸಿ ಎರಡೂ ಕಡೆ ನೀರು ಹರಿಸುವ ಪೆಟ್ಟಿಗೆ, ಚಿಕ್ಕದು, 10 ಸೆಂಟಿಮೀಟರ್ ಉದ್ದ 5 ಅಗಲ, ಅಂದರೆ ಹೆಚ್ಚುಕಡಿಮೆ ಒಂದು ವಿಸಿಟಿಂಗ್ ಕಾರ್ಡಿನಷ್ಟು. ಬಿಸಿ ಕಡೆ 60 ಡಿಗ್ರಿ, ಲೀಟರಿಗೆ 35 ಗ್ರಾಂ ಉಪ್ಪು, ಕಡಲಿನ ಲೆಕ್ಕ. ತಣ್ಣಗಿನ ಕಡೆ 20 ಡಿಗ್ರಿ. ಪಕ್ಕದಲ್ಲಿ ಹೋಲಿಕೆಗೆ ಎರಡು ಹಾಳೆ ಇಟ್ಟುಕೊಂಡೆ: ಏನೂ ಹಚ್ಚದ ಮಾಮೂಲಿ ಪಿವಿಡಿಎಫ್, ಮತ್ತೆ ಬಟ್ಟೆಯಂಥ ಬೆನ್ನು ಇರುವ ಟೆಫ್ಲಾನ್, ಅಂದರೆ ಪಿಟಿಎಫ್ಇ. ಮಾಮೂಲಿ ಪಿವಿಡಿಎಫ್ ಗಂಟೆಗೆ 70 ಮಿಲಿ ನೀರು ಕೊಟ್ಟಿತು. ನ್ಯಾನೋ ಹಾಳೆ 75. ಟೆಫ್ಲಾನ್ 120.

ಹೌದು, ಸರಿಯಾಗೇ ಓದಿದಿರಿ. ಮಾಮೂಲಿ ಹಾಳೆಯ ಎರಡೂವರೆ ಪಟ್ಟು ದುಡ್ಡು ಕೊಟ್ಟು ಜಾಸ್ತಿ ಸಿಕ್ಕಿದ್ದು ಗಂಟೆಗೆ ಒಂದು ಚಮಚ ನೀರು. ಆವತ್ತು ರಾತ್ರಿ ಬಯ್ಯುತ್ತಲೇ ಲ್ಯಾಬ್ ಬೀಗ ಹಾಕಿದೆ.

ಆಮೇಲೆ ಕೂತು ಯೋಚಿಸಿದರೆ, ಬಯ್ಯಬೇಕಾದ್ದು ಹಾಳೆಯನ್ನಲ್ಲ, ನನ್ನ ಆಸೆಯನ್ನು. ಆವಿ ದಾಟುವುದು ಎರಡೂ ಕಡೆಯ ಆವಿ ಒತ್ತಡದ ವ್ಯತ್ಯಾಸದಿಂದ. 60 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ ಸುಮಾರು 20 ಕಿಲೋಪ್ಯಾಸ್ಕಲ್, 20 ಡಿಗ್ರಿಯಲ್ಲಿ 2.3. ಮೇಲಿನ ಮುಖಕ್ಕೆ ಏನು ಬಳಿದರೂ ಈ ಅಂಕಿ ಬದಲಾಗುವುದಿಲ್ಲ. ಹಾಳೆಯಲ್ಲಿ ಎಷ್ಟು ಭಾಗ ತೂತು, ಹಾಳೆ ಎಷ್ಟು ತೆಳ್ಳಗೆ, ನೀರು ಎಷ್ಟು ಜೋರಾಗಿ ಹರಿಯುತ್ತದೆ, ಇವು ಬದಲಾದರೆ ಲೀಟರ್ ಬದಲಾಗುತ್ತದೆ. ಜಗ್ಗಿ ಮಾಡಿದ ಟೆಫ್ಲಾನ್ ಗೆದ್ದದ್ದು ಅದಕ್ಕೇ, ಅದು ತೆಳ್ಳಗೆ, ತೂತೂ ಜಾಸ್ತಿ. ಬಿಸಿಯನ್ನು 70 ಡಿಗ್ರಿಗೆ ಏರಿಸಿದರೆ ಆ 20 ಹೋಗಿ 31 ಆಗುತ್ತದೆ. ಏರಿಸಿ ನೋಡಿದೆ, ಮಾಮೂಲಿ ಪಿವಿಡಿಎಫೇ 70ರಿಂದ 110 ಮಿಲಿಗೆ ಬಂತು. ಅಂದರೆ ಹೆಚ್ಚು ನೀರು ಬೇಕಿದ್ದರೆ ನ್ಯಾನೋಗೆ ಕೊಡುವ ದುಡ್ಡಲ್ಲಿ ಇನ್ನೆರಡು ತೆಂಗಿನ ಸಿಪ್ಪೆ ಒಟ್ಟಿ, ಅಷ್ಟೇ.

ಒಂದು ಅಪವಾದ ಇದೆ. ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆ. ನ್ಯೂಜೆರ್ಸಿಯಲ್ಲಿ ಸೋಮೇನಾಥ್ ಮಿತ್ರ ಅವರ ಲ್ಯಾಬ್ ಹಾಳೆಯ ತೂತುಗಳಲ್ಲಿ ಇವನ್ನು ಸಿಕ್ಕಿಸಿ ಆವಿ ದಾಟುವುದನ್ನು ಹೆಚ್ಚಿಸಿದೆ. ಆವಿ ಆ ಕೊಳವೆಗಳ ಮೈಗೆ ಅಂಟಿ, ಜಿಗಿಯುತ್ತಾ, ಬೇಗ ಆಚೆ ಹೋಗುತ್ತದೆ ಅನ್ನುವುದು ಅವರ ವಿವರಣೆ. ನಾನು ತರಿಸಿದ ಹಾಳೆಯಲ್ಲಿ ಅದು ಇರಲಿಲ್ಲ, ಸುಮ್ನೆ ಅದರ ಹೆಸರು ಹೇಳಿ ಇದನ್ನು ಹೊಗಳುವುದು ಸರಿಯಲ್ಲ.

ಬಿಸಿಯ ಲೆಕ್ಕವನ್ನೂ ಇಲ್ಲೇ ಮುಗಿಸುತ್ತೇನೆ, ಯಾಕೆಂದರೆ ಮಾರುವವರು ಇದನ್ನು ಹೇಳುವುದೇ ಇಲ್ಲ. ಒಂದು ಲೀಟರ್ ನೀರು ಆವಿ ಮಾಡಲು ಸುಮಾರು 0.65 ಯೂನಿಟ್ ಶಾಖ ಬೇಕು. ಯಾವ ನ್ಯಾನೋ ಬಂದರೂ ಇದರಲ್ಲಿ ಒಂದು ಪೈಸೆ ರಿಯಾಯಿತಿ ಇಲ್ಲ. ಛಾವಣಿ ಮೇಲಿನ 100 ಲೀಟರ್ ಸೋಲಾರ್ ಹೀಟರ್ 25 ಡಿಗ್ರಿಯ ನೀರನ್ನು 60ಕ್ಕೆ ತಂದರೆ ಅದರಲ್ಲಿ ಸೇರುವುದು 4 ಯೂನಿಟ್ ಶಾಖ. ಅದಷ್ಟನ್ನೂ ಚೂರೂ ಪೋಲು ಮಾಡದೆ ಆವಿಗೆ ಹಾಕಿದರೆ 6 ಲೀಟರ್ ಸಿಹಿನೀರು. ಪೋಲು ಆಗಿಯೇ ಆಗುತ್ತದೆ, ಹಾಳೆಯ ಪ್ಲಾಸ್ಟಿಕ್ ಮೂಲಕವೇ ಎಷ್ಟೋ ಬಿಸಿ ಆಚೆ ಹೋಗುತ್ತದೆ, ಹಾಗಾಗಿ 3 ಲೀಟರ್ ಸಿಕ್ಕರೆ ಕೈಮುಗಿಯಬೇಕು. ಆವಿ ತಣಿಯುವಾಗ ಬಿಡುವ ಬಿಸಿಯನ್ನು ಮತ್ತೆ ಒಳಬರುವ ನೀರಿಗೆ ಕೊಡುವ ವ್ಯವಸ್ಥೆ ಮಾಡಿದರೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೆಗೆಯಬಹುದು, ಅದು ದೊಡ್ಡ ಘಟಕಗಳ ಮಾತು. ಕಡಲ ನೀರಿನ ಆರ್‌ಒ ಘಟಕ ಸಾವಿರ ಲೀಟರಿಗೆ 3-4 ಯೂನಿಟ್ ಕರೆಂಟಿನಲ್ಲಿ ಕೆಲಸ ಮುಗಿಸುತ್ತದೆ. ನಮ್ಮದು ಮರುಬಳಕೆ ಇಲ್ಲದಿದ್ದರೆ ಸಾವಿರಕ್ಕೆ 650. ಕರೆಂಟ್ ಬೇರೆ ಶಾಖ ಬೇರೆ, ನೇರ ಹೋಲಿಸುವುದು ಪೂರ್ತಿ ನ್ಯಾಯ ಅಲ್ಲ, ಆದರೂ ವ್ಯತ್ಯಾಸ ನೋಡಿ!

ಸೆಲ್ಲಿನಿಂದ ಒಂದು ದಿನ ಬಂದ ನೀರನ್ನು ಬಾಟಲಿಯಲ್ಲಿ ಮನೆಗೆ ತೋರಿಸಲು ಒಯ್ದಿದ್ದೆ. ಕುಡಿಯಲು ಕೊಟ್ಟಿಲ್ಲ, ಕಾರಣ ಆಮೇಲೆ ಹೇಳುತ್ತೇನೆ. ಅಮ್ಮ ಬಾಟಲಿ ಎತ್ತಿ ನೋಡಿ, “ಇಡೀ ದಿನ ಮಾಡಿ ಇಷ್ಟೇಯಾ?” ಅಂದರು. ನನ್ನ ಗೈಡ್ ಕೂಡ ಇಷ್ಟು ಚೆನ್ನಾಗಿ ಪ್ರಶ್ನೆ ಕೇಳಿಲ್ಲ.

ಹಾಗಾದರೆ ಈ ಹಾಳೆ ದಂಡವಾ? ಇಲ್ಲ. ಎರಡನೇ ವಾರದಿಂದ ನನ್ನ ಅಭಿಪ್ರಾಯ ಬದಲಾಗುತ್ತಾ ಬಂತು.

ಶುದ್ಧ ಉಪ್ಪುನೀರು ಬಿಟ್ಟು, ಉಪ್ಪುನೀರಿಗೆ ಪಾತ್ರೆ ತೊಳೆಯುವ ಸೋಪು ಚೂರು ಸೇರಿಸಿದೆ. ಸೋಪು ನೀರಿನ ಮೇಲ್ಮೈ ಬಿಗಿಯನ್ನು ಇಳಿಸುತ್ತದೆ, ತೂತಿನ ಬಾಯಲ್ಲಿ ನಿಂತಿದ್ದ ನೀರು ಒಳಗೆ ಜಾರುತ್ತದೆ. ನೀರಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯುವ ಕಂಡಕ್ಟಿವಿಟಿ ಮೀಟರ್ ಉಪ್ಪು ಹೆಚ್ಚಿದ ಹಾಗೆ ಏರುತ್ತದೆ, ಅದನ್ನು ಆಚೆ ಕಡೆ ಇಟ್ಟು ನೋಡುತ್ತಿದ್ದರೆ ಯಾವಾಗ ಸೋರಲು ಶುರುವಾಯಿತು ಅಂತ ಗೊತ್ತಾಗುತ್ತದೆ. ಒಳ್ಳೆಯ ಸ್ಥಿತಿಯಲ್ಲಿ 5 ಮೈಕ್ರೋಸೀಮೆನ್ಸ್ ಹತ್ತಿರ ಇರುತ್ತದೆ. ಕಡಲ ನೀರಿನದು 50,000 ಆಸುಪಾಸು, ಹಾಗಾಗಿ ಒಂದು ತೊಟ್ಟು ಸೋರಿದರೂ ಮೀಟರ್ ಹೇಳಿಬಿಡುತ್ತದೆ. ಮಾಮೂಲಿ ಪಿವಿಡಿಎಫ್ ಮುಕ್ಕಾಲು ಗಂಟೆಯಲ್ಲಿ ಕೈಕೊಟ್ಟಿತು, ಮೀಟರ್ ಲಾಟರಿ ಹೊಡೆದ ಹಾಗೆ ಏರಿತು. ಟೆಫ್ಲಾನ್ ಎರಡು ಗಂಟೆ ತಡೆಯಿತು. ನ್ಯಾನೋ ಹಾಳೆ ಐದು ಗಂಟೆ ಕಳೆದರೂ 5ರಿಂದ 9ಕ್ಕೆ ಬಂದಿತ್ತು, ಅಷ್ಟೇ. ನಾನೇ ಬೇಜಾರಾಗಿ ನಿಲ್ಲಿಸಿದೆ. ಮಾರನೇ ದಿನ ಬೇರೆ ತುಂಡು ಹಾಕಿ ಮತ್ತೆ ಮಾಡಿದೆ, ಹೆಚ್ಚುಕಡಿಮೆ ಹಾಗೇ ಬಂತು.

ಇದೇ ನೋಡಿ ಇದರ ನಿಜವಾದ ಗುಣ. ಜಾಸ್ತಿ ನೀರು ಕೊಡುವುದಿಲ್ಲ, ಜಾಸ್ತಿ ಹೊತ್ತು ಒಣಗಿರುತ್ತದೆ. ಆದರೆ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ‘ಹೈ ಫ್ಲಕ್ಸ್’, ಅಂದರೆ ಜಾಸ್ತಿ ನೀರು. ಒಳ್ಳೆಯ ಹುಡುಗನಿಗೆ ಇಲ್ಲದ ಡಿಗ್ರಿ ಹೇಳಿ ಮದುವೆ ಮಾಡಿಸಿದ ಹಾಗೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟವಾದದ್ದು. ಕಡಲ ನೀರನ್ನು ಗಟ್ಟಿ ಮಾಡುತ್ತಾ ಹೋಗುವುದು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದವರಿಗೆ ಗೊತ್ತಿರುತ್ತದೆ, ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ಹೋಗುತ್ತಾ ಗಟ್ಟಿಯಾಗುತ್ತದೆ. ಮೊದಲು ಸುಣ್ಣದಂಥದ್ದು ಕೂರುತ್ತದೆ, ಮೂರೂವರೆ ಪಟ್ಟು ಗಟ್ಟಿಯಾಗುವ ಹೊತ್ತಿಗೆ ಜಿಪ್ಸಂ, ಹತ್ತು ಪಟ್ಟು ದಾಟಿದ ಮೇಲೆ ಅಡುಗೆ ಉಪ್ಪು. ಆರ್‌ಒ ಇಷ್ಟು ದೂರ ಬರುವುದಿಲ್ಲ. ಮಾಮೂಲಿ ಕಡಲ ನೀರಿಗೇ ಅದಕ್ಕೆ 55ರಿಂದ 70 ಬಾರ್ ಒತ್ತಡದ ಪಂಪ್ ಬೇಕು, ನೀರು ಎರಡು ಪಟ್ಟು ಗಟ್ಟಿಯಾಗುವ ಹೊತ್ತಿಗೆ ಅದರ ಉಸಿರು ಕಟ್ಟುತ್ತದೆ. ಮೆಂಬ್ರೇನ್ ಡಿಸ್ಟಿಲೇಷನ್‌ಗೆ ಒತ್ತಡದ ಹಂಗಿಲ್ಲ. ಉಪ್ಪು ಕರಗುವ ಮಿತಿಯ ತನಕ, ಅಂದರೆ ನೂರಕ್ಕೆ 26 ಭಾಗ ಉಪ್ಪು ಇರುವ ನೀರಿನಲ್ಲೂ, ಆವಿ ಒತ್ತಡ ಇಳಿಯುವುದು ಕಾಲುಭಾಗ ಮಾತ್ರ. ನನ್ನ ಪ್ರಕಾರ ಈ ವಿದ್ಯೆ ಬದುಕಿರುವುದೇ ಇದಕ್ಕಾಗಿ: ಆರ್‌ಒ ಕೈಬಿಟ್ಟ ಗಟ್ಟಿ ನೀರು.

ಕಡಲ ನೀರನ್ನು ನಾಲ್ಕು ಪಟ್ಟು ಗಟ್ಟಿ ಮಾಡಿದಾಗ ಮಾಮೂಲಿ ಹಾಳೆಯ ಮೇಲೆ ಜಿಪ್ಸಂ ಸೂಜಿಸೂಜಿಯಾಗಿ ಕಟ್ಟಿತು, ಹಳೆ ಗೀಸರ್ ಕಾಯಿಲ್ ಬಿಚ್ಚಿದಾಗ ಕಾಣುವ ಹಾಗೆ. ನ್ಯಾನೋ ಹಾಳೆಯ ಮೇಲೂ ಕಟ್ಟಿತು, ಸುಳ್ಳು ಹೇಳುವುದಿಲ್ಲ, ಆದರೆ ಸೆಲ್ ಬಿಚ್ಚಿ ನಲ್ಲಿ ಕೆಳಗೆ ಹಿಡಿದರೆ ಸಾಕು, ಅರ್ಧಕ್ಕಿಂತ ಜಾಸ್ತಿ ಉದುರಿ ಹೋಯಿತು. ಹರಳಿಗೆ ಹಿಡಿದುಕೊಳ್ಳಲು ಅಲ್ಲಿ ಜಾಗ ಕಮ್ಮಿ, ಕೆಳಗೆ ಗಾಳಿ ಇದೆ ಅಲ್ವಾ. ಮಾಮೂಲಿ ಹಾಳೆಯಿಂದ ಉಜ್ಜಿ ತೆಗೆಯಲು ಹೋಗಿ ಹಾಳೆಯೇ ಹರಿಯಿತು.

ಇಷ್ಟು ಹೊಗಳಿದ ಮೇಲೆ ಬಯ್ಯುವ ಸರದಿ.

ಜಾಹೀರಾತಿನಲ್ಲಿ ‘ಎಣ್ಣೆ, ಗ್ರೀಸ್ ಯಾವುದೂ ಅಂಟುವುದಿಲ್ಲ’ ಅಂತ ಇತ್ತು. ಬಂದರಿನಿಂದ ಒಂದು ಕ್ಯಾನ್ ನೀರು ತಂದೆ. ಬೋಟುಗಳು ನಿಲ್ಲುವ ಜಾಗ, ಮೇಲೆ ಡೀಸೆಲಿನ ಕಾಮನಬಿಲ್ಲು, ಒಳಗೆ ಮೀನಿನ ಎಣ್ಣೆ. ಹಾಳೆ ಎರಡು ಗಂಟೆಯಲ್ಲಿ ಮಲಗಿತು. ಟೆಫ್ಲಾನೂ ಮಲಗಿತು, ಮಾಮೂಲಿಯಂತೂ ಕೇಳಲೇಬೇಡಿ. ಬಿಚ್ಚಿ ನೋಡಿದರೆ ಬಿಳಿ ಹಾಳೆಯಲ್ಲಿ ಹಪ್ಪಳ ಇಟ್ಟ ಪೇಪರಿನ ಹಾಗೆ ಎಣ್ಣೆ ಕಲೆ. ನೀರನ್ನು ದೂರ ಇಡುವ ಮೇಲ್ಮೈ ಎಣ್ಣೆಯನ್ನು ಹತ್ತಿರ ಕರೆಯುತ್ತದೆ, ಅದು ಅದರ ಹುಟ್ಟುಗುಣ. ನಂಬಿಕೆ ಬಾರದಿದ್ದರೆ ಕೆಸುವಿನ ಎಲೆ ಮೇಲೆ ಒಂದು ಹನಿ ತೆಂಗಿನೆಣ್ಣೆ ಹಾಕಿ ನೋಡಿ, ಮುತ್ತು ಗಿತ್ತು ಏನೂ ಇಲ್ಲ, ಹರಡಿ ಕೂರುತ್ತದೆ. ಎಣ್ಣೆಯನ್ನೂ ತಡೆಯಬೇಕಾದರೆ ಒರಟು ಬೇರೆ ಥರ ಇರಬೇಕು, ನಾಯಿಕೊಡೆಯ ತಲೆ ಹಾಗೆ ಒಳಕ್ಕೆ ಬಾಗಿದ ಅಂಚು ಬೇಕು, ಆಮ್ನಿಫೋಬಿಕ್ ಅನ್ನುತ್ತಾರೆ. ಇಲ್ಲವೇ ಎಣ್ಣೆ ಬರುವ ಮುಖಕ್ಕೆ ನೀರನ್ನು ಇಷ್ಟಪಡುವ ತೆಳು ಪದರ ಹಚ್ಚಿ, ಹಿಂದೆ ನೀರನ್ನು ತಡೆಯುವ ಪದರ ಇಡಬೇಕು. ಇದು ಎರಡೂ ಅಲ್ಲ. ಅದನ್ನು ಹೇಳಿ ಮಾರಬೇಕಿತ್ತು.

ಬಂದರಿನ ನೀರಲ್ಲಿ ಇನ್ನೊಂದು ತಮಾಷೆ. ಹಾಳೆ ಸೋಲುವ ಮೊದಲು ಬಂದ ನೀರಿನ ಕಂಡಕ್ಟಿವಿಟಿ 6. ಡಿಸ್ಟಿಲ್ಡ್ ವಾಟರಿನಷ್ಟು ಶುದ್ಧ. ಮೂಸಿದರೆ ಮೀನಿನ ವಾಸನೆ! ಆವಿಯಾಗುವುದೆಲ್ಲ ಈ ಹಾಳೆ ದಾಟುತ್ತದೆ, ವಾಸನೆಯ ವಸ್ತುಗಳೂ ಆವಿಯೇ ತಾನೆ. ಉಪ್ಪು, ಫ್ಲೋರೈಡ್, ಆರ್ಸೆನಿಕ್ ಹಿಂದೆ ಉಳಿಯುತ್ತವೆ, ಅಮೋನಿಯಾ, ಡೀಸೆಲಿನ ಹಗುರ ಭಾಗ ಮುಂದೆ ಬರುತ್ತವೆ. ಕರಗಿದ ಉಪ್ಪಿನಂಶವನ್ನಷ್ಟೇ ತೋರಿಸುವ ಟಿಡಿಎಸ್ ಮೀಟರ್ ನಂಬಿ ಕುಡಿಯುವವರು ಇದನ್ನು ನೆನಪಿಡಿ.

ಎರಡನೇ ದೂರು ದೊಡ್ಡದು. ಲೇಪನ ಏಳುತ್ತದೆ. ಹೊಸ ಹಾಳೆಗೆ ಸೆಲ್ಲೋಟೇಪ್ ಅಂಟಿಸಿ ಕಿತ್ತೆ, ಟೇಪಿನಲ್ಲಿ ಬಿಳಿ ಪುಡಿ. ಓಡಿಸಿ, ಒಣಗಿಸಿ, ಮತ್ತೆ ಓಡಿಸಿ, ನಾಲ್ಕು ಸಲ ಆದ ಮೇಲೆ ನೀರು ಒಳಬರುವ ಬಾಯಿಯ ಹತ್ತಿರ ಹನಿ ಉರುಳುವುದು ನಿಂತಿತು, ಅಂಟಿಕೊಂಡು ಕೂತಿತು. ನಲವತ್ತನೇ ದಿನಕ್ಕೆ ಸೋಪಿನ ಪರೀಕ್ಷೆಯಲ್ಲಿ ಐದು ಗಂಟೆ ತಡೆದಿದ್ದ ಹಾಳೆ ಎರಡಕ್ಕೆ ಇಳಿಯಿತು, ಅಂದರೆ ಮೊದಲ ದಿನದ ಟೆಫ್ಲಾನಿನ ಮಟ್ಟಕ್ಕೆ. ಎದ್ದ ಕಣಗಳು ಎಲ್ಲಿಗೆ ಹೋದವು? ಹೆಚ್ಚಿನವು ಬಿಸಿ ಕಡೆಯ ನೀರಿಗೆ ಹೋಗಿರಬೇಕು, ಆದರೂ ಗ್ಯಾರಂಟಿ ಕೊಡುವವರು ಯಾರು? ಅದಕ್ಕೇ ನಾನು ಈ ನೀರನ್ನು ಅಮ್ಮನಿಗೂ ಕೊಡಲಿಲ್ಲ, ನಾನೂ ಕುಡಿಯಲಿಲ್ಲ.

ಲ್ಯಾಬಿನಲ್ಲಿ ನಾವೇ ಒಂದು ಹಾಳೆ ಮಾಡಿ ಹೋಲಿಸಿದ್ದೇವೆ, ಅದನ್ನೂ ಹೇಳಬೇಕು. ಎಲೆಕ್ಟ್ರೋಸ್ಪಿನ್ನಿಂಗ್ ಅಂತ. ಶ್ಯಾವಿಗೆ ಒತ್ತಿದ ಹಾಗೇ, ಆದರೆ ಒತ್ತುವುದು ಕೈಯಲ್ಲ, ಸಾವಿರಾರು ವೋಲ್ಟ್ ಕರೆಂಟ್. ಸಿರಿಂಜಿನಲ್ಲಿ ಪಿವಿಡಿಎಫ್ ದ್ರಾವಣ, ಎದುರು ಫಾಯಿಲ್ ಸುತ್ತಿದ ಡ್ರಮ್, ಸೂಜಿಯಿಂದ ಕಣ್ಣಿಗೆ ಕಾಣದ ಎಳೆ ಹಾರಿ ಹೋಗಿ ಜೇಡನ ಬಲೆಯ ಹಾಗೆ ಕೂರುತ್ತದೆ. ಸಿಲೇನ್ ಹಚ್ಚಿದ ಸಿಲಿಕಾವನ್ನು ಮೇಲೆ ಬಳಿಯುವ ಬದಲು ಹಿಟ್ಟಿಗೇ ಕಲಸಿದೆವು. ನ್ಯಾನೋ ಕಣ ಸಾಂಬಾರಿಗೆ ಇಂಗು ಇದ್ದ ಹಾಗೆ, ಚಿಟಿಕೆ ಸಾಕು. ಜಾಸ್ತಿ ಹಾಕಿದ ದಿನ ಗಂಟು ಗಂಟಾಗಿ ಸೂಜಿ ಕಟ್ಟಿಕೊಂಡಿತು, ಎಳೆಯಲ್ಲಿ ಮಣಿಮಣಿ ಬಂತು, ಹಾಳೆ ಮುಟ್ಟಿದರೆ ಹರಿಯುತ್ತಿತ್ತು. ಸರಿಯಾಗಿ ಬಂದ ಹಾಳೆ ಹನಿ ಪರೀಕ್ಷೆಯಲ್ಲಿ ಅಂಗಡಿಯದಕ್ಕಿಂತ ಹಿಂದೆ, 140ರ ಹತ್ತಿರ, ಯಾಕೆಂದರೆ ಅರ್ಧಕ್ಕರ್ಧ ಕಣ ಎಳೆಯ ಹೊಟ್ಟೆಯಲ್ಲೇ ಅಡಗಿ ಕೂತಿರುತ್ತದೆ. ಆದರೆ ಟೇಪ್ ಹಚ್ಚಿ ಕಿತ್ತರೆ ಏನೂ ಬರಲಿಲ್ಲ. ನೀರೂ ಜಾಸ್ತಿ, ಗಂಟೆಗೆ 130 ಮಿಲಿ, ಎಳೆಗಳ ನಡುವೆ ಬರೀ ಖಾಲಿ ಜಾಗ ಅಲ್ವಾ. ಸೋಪಿನಲ್ಲಿ ಮೂರು ಗಂಟೆ, ಮತ್ತೆ ನಲವತ್ತನೇ ದಿನಕ್ಕೂ ಮೂರು ಗಂಟೆ. ನನಗೆ ಬೇಕಿದ್ದದ್ದು ಈ ಎರಡನೇ ‘ಮೂರು’.

ಮನೆಯಲ್ಲಿ ಮಾಡಲು ಹೋಗಬೇಡಿ ಮಾತ್ರ. ಅದರ ಸಾಲ್ವೆಂಟ್ ಡಿಎಂಎಫ್, ಲಿವರಿಗೆ ಕೆಟ್ಟದ್ದು, ಹೊಗೆಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಇಲ್ಲದೆ ಬಾಟಲಿ ಮುಚ್ಚಳವನ್ನೂ ತೆಗೆಯಬಾರದು.

2017ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ತೋರಿಸಿದ್ದರು, ನನಗೆ ಅದು ಇವತ್ತಿಗೂ ಚೆಂದ ಕಾಣುತ್ತದೆ. ಹಾಳೆಯ ಮೇಲ್ಮುಖಕ್ಕೆ ಕಾರ್ಬನ್ ಬ್ಲ್ಯಾಕ್ ಕಣ, ನಮ್ಮ ಭಾಷೆಯಲ್ಲಿ ಮಸಿ, ಹಚ್ಚಿ ಬಿಸಿಲಿಗೆ ಇಟ್ಟರು. ಇಡೀ ಹಂಡೆ ಕಾಯಿಸುವುದೇ ಬೇಡ, ಆವಿ ಹೊರಡುವ ಜಾಗವಷ್ಟೇ ಬಿಸಿಯಾಗುತ್ತದೆ. ನ್ಯಾನೋ ಅಲ್ಲಿ ಬರೀ ಅಲಂಕಾರ ಅಲ್ಲ, ಒಲೆಯ ಕೆಲಸವನ್ನೇ ಮಾಡುತ್ತದೆ. ಬಿಸಿಲಿನ ಶಾಖಕ್ಕೂ ಅದೇ 0.65 ಯೂನಿಟ್ ಲೆಕ್ಕವೇ, ಅದನ್ನು ಮರೆಯಬಾರದು. ಆದರೂ ಕರೆಂಟ್ ಇಲ್ಲದ ಕಡೆ ಒಂದು ಚಾಪೆಯಗಲ ಹಾಸಿ ದಿನಕ್ಕೆ ಕೆಲವು ಲೀಟರ್ ತೆಗೆಯುವುದು ಹಗುರ ಮಾತಲ್ಲ.

ಮಾರಿದವರ ಸೇವೆ ಬಗ್ಗೆ ನಾಲ್ಕು ಮಾತು. ಹಾಳೆ ಮಡಚದೆ ಗಟ್ಟಿ ರಟ್ಟಿನ ನಡುವೆ ಕಳಿಸಿದ್ದರು, ಅದಕ್ಕೆ ಪೂರ್ತಿ ಅಂಕ. ಯಾವ ಮುಖ ಬಿಸಿ ನೀರಿನ ಕಡೆ ಬರಬೇಕು ಅಂತ ಎಲ್ಲೂ ಬರೆದಿರಲಿಲ್ಲ, ಲೇಪನ ಇರುವುದು ಒಂದೇ ಕಡೆ, ಎರಡೂ ಬಿಳಿ. ಮೊದಲ ತುಂಡನ್ನು ನಾನು ತಿರುಗಾಮುರುಗಾ ಹಾಕಿ ಅರ್ಧ ದಿನ ಹಾಳು ಮಾಡಿದೆ. ಫೋನ್ ಮಾಡಿದರೆ “ಸರ್, ಹನಿ ಉರುಳುವ ಕಡೆ” ಅಂದರು. ಅಷ್ಟು ಒಂದು ಸ್ಟಿಕರ್ ಹಚ್ಚಲು ಏನಾಗಿತ್ತು? ಲೇಪನ ಏಳುತ್ತಿದೆ ಅಂತ ಫೋಟೋ ಸಮೇತ ಮೇಲ್ ಹಾಕಿದೆ. ಅವರು ತಿರುಗಿ ಕಳಿಸಿದ್ದು ಹನಿ ಮುತ್ತಿನ ಹಾಗೆ ನಿಂತಿರುವ ಅದೇ ಜಾಹೀರಾತಿನ ಫೋಟೋ. ಎಷ್ಟು ದಿನ ಬಾಳುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಇವತ್ತಿನವರೆಗೆ ಬಂದಿಲ್ಲ.

ಸಿಲೇನಿನಲ್ಲಿರುವ ಫ್ಲೋರಿನ್ ವಿಷಯವೂ ತಲೆಯಲ್ಲಿರಲಿ. ಮಣ್ಣಲ್ಲಿ ಕರಗದೆ ವರ್ಷಗಟ್ಟಲೆ ಉಳಿಯುವ ಈ ಜಾತಿಯ ರಾಸಾಯನಿಕಗಳನ್ನು ಒಟ್ಟಿಗೇ ಕಟ್ಟಿಹಾಕಬೇಕು ಅಂತ 2023ರಲ್ಲಿ ಯುರೋಪಿನ ಐದು ದೇಶಗಳು ಪ್ರಸ್ತಾವ ಇಟ್ಟಿವೆ. ಪಿವಿಡಿಎಫ್, ಟೆಫ್ಲಾನ್ ಕೂಡ ಅದೇ ಕುಟುಂಬ. ಹಳೆ ಹಾಳೆಗಳನ್ನು ನಾನಂತೂ ಒಲೆಗೆ ಹಾಕುವುದಿಲ್ಲ, ಒಂದು ಡಬ್ಬಿಯಲ್ಲಿ ತುಂಬಿಡುತ್ತಿದ್ದೇನೆ.

ಯಾರು ತಗೊಳ್ಳಬಹುದು ಅಂದರೆ, ಗಟ್ಟಿ ಉಪ್ಪುನೀರು, ಬಣ್ಣದ ಕಾರ್ಖಾನೆ ನೀರು, ಸೋಪು ಇರುವ ನೀರಿನ ಮೇಲೆ ಪ್ರಯೋಗ ಮಾಡುವ ವಿದ್ಯಾರ್ಥಿಗಳು. ಹಳ್ಳಿಗಳ ಶುದ್ಧ ನೀರಿನ ಘಟಕಗಳು ಚರಂಡಿಗೆ ಬಿಡುವ ರಿಜೆಕ್ಟ್ ನೀರಿನ ಮೇಲೆ ಕೆಲಸ ಮಾಡುವವರಿಗೂ ಹೇಳುತ್ತೇನೆ. ಪಾವಗಡ, ಕೋಲಾರದ ಕಡೆ ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನು ಆರ್‌ಒ ಮಾಡಿದರೆ ಆ ಫ್ಲೋರೈಡ್ ಎಲ್ಲ ಗಟ್ಟಿಯಾಗಿ ಕೂರುವುದು ರಿಜೆಕ್ಟಿನಲ್ಲೇ, ಅದನ್ನು ಹಿಂಡಲು ಇಂಥ ಹಾಳೆ ಬೇಕು. ಬಾವಿ ಉಪ್ಪಾಗಿದೆ ಅಂತ ಮನೆಗೆ ತಗೊಳ್ಳುವವರು ದಯವಿಟ್ಟು ಬೇಡ. ಎಣ್ಣೆ ಇರುವ ನೀರಿಗಂತೂ ಬೇಡವೇ ಬೇಡ. ಬರೀ ಶುದ್ಧ ಉಪ್ಪುನೀರು ಓಡಿಸುತ್ತೀರಾದರೆ ಬೆನ್ನಿರುವ ಟೆಫ್ಲಾನ್ ತಗೊಳ್ಳಿ, ಸುಮ್ನೆ ಜಾಸ್ತಿ ಯಾಕೆ ಕೊಡುತ್ತೀರಿ.

ಐದರಲ್ಲಿ ಮೂರು ಸ್ಟಾರ್. ಮೊದಲ ವಾರ ಕೇಳಿದ್ದರೆ ಒಂದು ಕೊಡುತ್ತಿದ್ದೆ, ಮೂರನೇ ವಾರ ಕೇಳಿದ್ದರೆ ನಾಲ್ಕೂವರೆ.

ಮೂರನೇ ಹಾಳೆ ಇನ್ನೂ ರಟ್ಟಿನ ನಡುವೆಯೇ ಇದೆ. ಸಾಣಿಕಟ್ಟಾದಿಂದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರು ಎರಡು ಕ್ಯಾನ್ ತಂದು ಲ್ಯಾಬಿನ ಮೂಲೆಯಲ್ಲಿಟ್ಟಿದ್ದೇನೆ, ಸೆಲ್ಲಿನ ಗ್ಯಾಸ್ಕೆಟ್ ಹೊಸದು ಬಂದ ಕೂಡಲೇ ಅದರ ಮೇಲೆ ಓಡಿಸುವುದು. ಈ ಸಲ ಮುಖ ಯಾವುದು ಅಂತ ಪೆನ್ಸಿಲಿನಲ್ಲಿ ಮೊದಲೇ ಗುರುತು ಹಾಕಿಟ್ಟಿದ್ದೇನೆ.